‘ಇಲ್ಲ’ಕ್ಕೂ ‘ಇನ್ನೂ ಇಲ್ಲ’ಕ್ಕೂ ನಡುವೆ

ಲುವಾನರಿಗೆ ಮಗಳ ಮೇಲೆ ಸಂಶಯ ಹುಟ್ಟಿದ್ದು ಅವಳು ಸರಿಯಾದ ಉತ್ತರ ಕೊಟ್ಟ ದಿನ.

ಬೆಳಗಿನ ಗಂಜಿಯ ಹೊತ್ತು. ಥೋವಾ ಇನ್ನೇನು ಚಮಚ ಬಾಯಿಗಿಡಬೇಕು, ಅಷ್ಟರಲ್ಲಿ ಅವರು ಹಿಂದುಮುಂದಿಲ್ಲದೆ ಕೇಳಿದರು: “ಮದುವೆ ಆಗಿದ್ಯಾ ನಿಂಗೆ?” ಥೋವಾ ಚಮಚ ಅಲುಗಿಸಲಿಲ್ಲ, ರೆಪ್ಪೆ ಬಡಿಯಲಿಲ್ಲ. “ಇಲ್ಲ” ಅಂದಳು. ಗಂಜಿ ಮುಗಿಸಿದಳು. ಹೊಲಿಗೆ ಅಂಗಡಿಗೆ ಹೊತ್ತಾಯಿತೆಂದು ಸೈಕಲ್ ಹತ್ತಿ ಹೋದಳು.

ಮೂರು ವಾರದಿಂದ ಅವರೇ ಅವಳಿಗೆ ಉರು ಹೊಡೆಸುತ್ತಿದ್ದ ಉತ್ತರ ಅದು. ಬಂತಲ್ಲ ಎಂದು ಖುಷಿಪಡಬೇಕಿತ್ತು. ಬದಲಿಗೆ ಲುವಾನರ ಬೆನ್ನ ಮೇಲೆ ಹಳೆಯ ಕಸುಬಿನ ಇರುವೆಯೊಂದು ಹರಿದ ಹಾಗಾಯಿತು. ಇಷ್ಟು ಸಲೀಸಾಗಿ ಹೇಳಬೇಕಾದರೆ ಹುಡುಗಿ ಒಂದೋ ಚೆನ್ನಾಗಿ ಕಲಿತಿದ್ದಾಳೆ, ಇಲ್ಲವೇ ಚೆನ್ನಾಗಿ ಮುಚ್ಚಿಟ್ಟಿದ್ದಾಳೆ.

ಹಳೆಯ ಕಸುಬೆಂದರೆ ಕಾಗದ ಓದುವುದು, ತಮ್ಮದಲ್ಲ, ಊರವರದು. ಸೈಗಾನ್ ಕಮ್ಯುನಿಸ್ಟರ ಕೈಗೆ ಬೀಳುವವರೆಗೆ ಅವರು ಅಮೆರಿಕದ ಪರವಿದ್ದ ಹಳೆಯ ಸೈನ್ಯದ ಅಂಚೆ ತಪಾಸಣೆಯಲ್ಲಿ ಲೆಫ್ಟಿನೆಂಟು. ಸಿಪಾಯಿಗಳು ಹೆಂಡತಿಯರಿಗೆ ಬರೆದದ್ದರಲ್ಲಿ ಪ್ರೀತಿ ಎಷ್ಟು, ಪಿತೂರಿ ಎಷ್ಟು ಎಂದು ಸೋಸುತ್ತಿದ್ದರು. ಬಿದ್ದ ಮೇಲೆ ಆರು ವರ್ಷ ಮರುಶಿಕ್ಷಣ ಶಿಬಿರ. ಶಿಕ್ಷಣದಲ್ಲಿ ಕೊನೆಯ ಅಕ್ಷರ ಉದುರಿದರೆ ಉಳಿಯುವುದೇನೋ ಅದೇ ಅಲ್ಲಿ ಸಿಕ್ಕಿದ್ದು. ಅಲ್ಲಿ ತಿಂಗಳಿಗೊಮ್ಮೆ ತಮ್ಮ ಜೀವನಚರಿತ್ರೆ ತಾವೇ ಬರೆದುಕೊಡಬೇಕಿತ್ತು. ಈ ತಿಂಗಳದ್ದಕ್ಕೂ ಹೋದ ತಿಂಗಳದ್ದಕ್ಕೂ ಒಂದು ಪದ ವ್ಯತ್ಯಾಸವಾದರೆ ರಾತ್ರಿಯ ಊಟಕ್ಕೆ ಕತ್ತರಿ. ಹೀಗೆ ಸಂಶಯಪಡುವ ವಿದ್ಯೆಯನ್ನೂ ಸಂಶಯಕ್ಕೊಳಗಾಗುವ ವಿದ್ಯೆಯನ್ನೂ ಸರಿಸಮನಾಗಿ ಕಲಿತ ಮನುಷ್ಯ ಫೂ ನ್ಯುವಾನ್ ಬಡಾವಣೆಯಲ್ಲಿ ಇನ್ನೊಬ್ಬರಿರಲಿಲ್ಲ.

ಆ ಆರು ವರ್ಷದ ಪುಣ್ಯಕ್ಕೇ ಅಮೆರಿಕ ಅವರನ್ನು ನಿರಾಶ್ರಿತ ಎಂದು ಒಪ್ಪಿಕೊಂಡದ್ದು. ಸ್ವಂತ ಮನೆಯಲ್ಲಿ, ಸ್ವಂತ ಕುರ್ಚಿಯಲ್ಲಿ ಕೂತೇ ನಿರಾಶ್ರಿತರಾಗುವ ಭಾಗ್ಯ. ಮೂರು ವರ್ಷದ ಹಿಂದೆ ಸಂದರ್ಶನ ಆಗಿತ್ತು. ಅಪ್ಪ ಪಾಸು, ಅಮ್ಮ ಪಾಸು, ಮಗಳು ಫೇಲು. ಕಾರಣ ಮನೆಪುಸ್ತಕ.

ಮನೆಪುಸ್ತಕಕ್ಕೆ ಅಲ್ಲಿಯವರು ಇಟ್ಟ ಹೆಸರಿಗೆ ‘ಮನೆಯ ಬಾಯಿಗಳು’ ಎಂದರ್ಥ. ಒಂದು ಸೂರಿನಡಿ ಉಣ್ಣುವ ಬಾಯಿ ಎಷ್ಟು ಎಂದು ವಾರ್ಡಿನ ಪೊಲೀಸರು ಬರೆದಿಡುವ ಪುಸ್ತಕ. ಮಾತಾಡುವ ಬಾಯಿ ಎಷ್ಟೆಂಬುದಕ್ಕೆ ಬೇರೆ ಪುಸ್ತಕ ಇದ್ದೀತು. ಹಳೆಯ ಸೈನ್ಯದವನ ಮಗಳೆಂದರೆ ಯಾವ ಶಾಲೆಯಲ್ಲೂ ಸೀಟಿಲ್ಲದ ಕಾಲದಲ್ಲಿ, ಹೊಲಿಗೆ ಕಲಿಯಲಿ ಎಂದು ಥೋವಾಳ ಬಾಯನ್ನು ಮೀ ಥೋ ಎಂಬ ಊರಿನಲ್ಲಿದ್ದ ಸೋದರತ್ತೆಯ ಪುಸ್ತಕಕ್ಕೆ ಮೂರು ವರ್ಷ ವರ್ಗ ಮಾಡಿಸಿದ್ದರು. ಅತ್ತೆಯ ಪುಸ್ತಕದಲ್ಲಿದ್ದ ಬಾಯಿ ಅಪ್ಪನ ಮನೆಯದು ಹೇಗಾದೀತು ಎಂದು ಸಂದರ್ಶನದ ಅಧಿಕಾರಿ ಕೇಳಿದ್ದ. ಮಗಳಿಲ್ಲದೆ ತಾನು ವಿಮಾನ ಹತ್ತುವುದಿಲ್ಲ ಎಂದು ಲುವಾನರ ಹೆಂಡತಿ ಸೆನ್ ಅಂದಳು. ಹೆಂಡತಿ ಇಲ್ಲದೆ ಅಕ್ಕಿ ಎಲ್ಲಿದೆ ಎಂಬುದೂ ಲುವಾನರಿಗೆ ಗೊತ್ತಿರಲಿಲ್ಲ. ಫೈಲು ಕೂತಲ್ಲೇ ಕೂತಿತು.

ಈಗ ಆ ದೇಶದವರು ಕಾನೂನಿಗೆ ತೇಪೆ ಹಾಕಿದ್ದರು. ಪುಸ್ತಕದ ದೆಸೆಯಿಂದ ಬಿಟ್ಟುಹೋದ ಮಕ್ಕಳನ್ನು ಮತ್ತೆ ಕರೆಯುತ್ತಾರಂತೆ. ಇಪ್ಪತ್ತೊಂದು ದಾಟಿದ್ದರೂ ಅಡ್ಡಿಯಿಲ್ಲ, ಮದುವೆ ಮಾತ್ರ ಆಗಿರಬಾರದು. ಆಗಿದ್ದರೆ ಅವರು ಮಕ್ಕಳಲ್ಲ. ಆಗದಿದ್ದರೆ ಮೂವತ್ಮೂರು ವರ್ಷದ ಥೋವಾ ಕೂಡ ಕಾನೂನಿನ ಕಣ್ಣಿಗೆ ಮಗು. ಇಡೀ ಸಂಸಾರದ ಪ್ರಯಾಣ ಒಂದೇ ಪ್ರಶ್ನೆಗೆ ಜೋತುಬಿದ್ದಿತ್ತು.

ಆ ಪ್ರಶ್ನೆಗೆ ತಯಾರಿ ಕೊಡಿಸಲು ದಾತ್ ಮೇಷ್ಟ್ರು ಇದ್ದರು. ದಾತ್ ಎಂದರೆ ಅಲ್ಲಿಯ ಮಾತಿನಲ್ಲಿ ‘ಪಾಸಾದ’ ಎಂದರ್ಥ. ಸ್ವತಃ ಮೇಷ್ಟ್ರು ಸಂದರ್ಶನದಲ್ಲಿ ಎರಡು ಸಲ ಫೇಲಾಗಿದ್ದರು. ಅದರಿಂದಲೇ ಅವರಿಗೆ ಅಧಿಕಾರಿಗಳ ಮನಸ್ಸು ಅಂಗೈ ಗೆರೆಯಷ್ಟು ಪರಿಚಯ ಎಂದು ಊರು ನಂಬಿತ್ತು. ಜೆರಾಕ್ಸ್ ಅಂಗಡಿಯ ಹಿಂದುಗಡೆ ಪಾಠ. ಫೀಸಿನ ಬದಲು ಸೆನ್ ದಿನಾ ಬಾಳೆಲೆಯಲ್ಲಿ ಅಂಟಕ್ಕಿಯ ಅನ್ನ ಕಟ್ಟಿ ಕಳಿಸುತ್ತಿದ್ದಳು.

ಮೊದಲ ದಿನವೇ ಮೇಷ್ಟ್ರು ಥೋವಾಳನ್ನು ಕೇಳಿದರು, ಮದುವೆ ಆಗಿದೆಯೇ ಎಂದು. ಸೈಗಾನಿನಲ್ಲಿ ಹುಟ್ಟಿದ ಯಾವ ಹೆಣ್ಣಾದರೂ ಹೇಳುವುದನ್ನೇ ಅವಳೂ ಹೇಳಿದಳು: “ಇನ್ನೂ ಇಲ್ಲ.”

ಮೇಷ್ಟ್ರು ಅಂಟಕ್ಕಿ ಗಂಟಲಿಗೆ ಸಿಕ್ಕವರಂತೆ ಕೈಯೆತ್ತಿದರು. “ಕೆಟ್ಟೆ ಕಣಮ್ಮ. ‘ಇನ್ನೂ’ ಅಂದ್ಯಲ್ಲ, ಅಮೆರಿಕದೋನ ಕಿವೀಗೆ ಅದು ‘ನಾಳೆ’ ಅಂತ ಕೇಳ್ಸತ್ತೆ. ಇವಳಿಗೆ ಗಂಡು ರೆಡಿ ಇದೆ, ಛತ್ರ ಒಂದು ಬಾಕಿ ಅಂತ ಬರ್ಕೋತಾನೆ. ಅವರ ಹತ್ರ ಇರೋದು ಎರಡೇ ಡಬ್ಬಿ. ಹೌದು, ಇಲ್ಲ. ಮೂರನೇ ಡಬ್ಬಿ ನೀನು ತಗೊಂಡ್ಹೋಗ್ಬೇಡ.”

ಆವತ್ತಿನಿಂದ ಮನೆಯಲ್ಲಿ ‘ಇನ್ನೂ’ ಎಂಬ ಪದಕ್ಕೆ ಬಹಿಷ್ಕಾರ ಬಿತ್ತು. ಅನ್ನ ಆಯಿತೇ ಎಂದರೆ ಸೆನ್ ಕೂಡ ‘ಇಲ್ಲ’ ಎನ್ನುವಳು. ಆಮೇಲೆ ಅನ್ನ ಆಗುತ್ತದೋ ಇಲ್ಲವೋ ಎಂದು ಲುವಾನರೇ ಅಡುಗೆಮನೆಗೆ ಹೋಗಿ ನೋಡಬೇಕಿತ್ತು.

ಗಂಜಿಯ ಬೆಳಿಗ್ಗೆ ಹುಟ್ಟಿದ ಸಂಶಯಕ್ಕೆ ಅದೇ ದಿನ ಸಂಜೆ ನೀರೆರೆದದ್ದು ಓಣಿಯ ತುದಿಯ ಎಂಟಮ್ಮ. ಏಳನೆಯವಳಾಗಿ ಹುಟ್ಟಿ ಎಂಟಮ್ಮನಾದವಳು. ಸೈಗಾನಿನಲ್ಲಿ ಮಕ್ಕಳನ್ನು ಯಾರೂ ಒಂದರಿಂದ ಎಣಿಸುವುದಿಲ್ಲ, ಎರಡರಿಂದ. ಅವಳು ಬಾಗಿಲಲ್ಲಿ ನಿಂತು, ದನಿ ತಗ್ಗಿಸಿ, ಅಂದರೆ ನಾಲ್ಕು ಮನೆಗೆ ಮಾತ್ರ ಕೇಳುವ ಹಾಗೆ, ವರದಿ ಒಪ್ಪಿಸಿದಳು. ಮಾರ್ಕೆಟ್ಟಿನಲ್ಲಿ ಥೋವಾ ಸಿಕ್ಕಿದ್ದಳಂತೆ. ವಾಡಿಕೆಯಂತೆ ಮದುವೆ ವಿಚಾರ ಕೇಳಿದಳಂತೆ. ಹುಡುಗಿ ‘ಇಲ್ಲ’ ಎಂದುಬಿಟ್ಟಳಂತೆ.

“ಎಂಬತ್ತು ವರ್ಷದ ಸನ್ಯಾಸಿನೀನೂ ‘ಇನ್ನೂ ಇಲ್ಲ’ ಅಂತಾಳೆ ಲೆಫ್ಟಿನೆಂಟಣ್ಣ. ಬಾಗ್ಲು ಒರಗ್ಸಿ ಇಡೋದು ಅದು. ನಿನ್ ಮಗಳು ‘ಇಲ್ಲ’ ಅಂತ ಚಿಲಕಾನೇ ಹಾಕ್ಬಿಟ್ಳು. ಚಿಲಕ ಹಾಕೋರು ಯಾಕ್ ಹಾಕ್ತಾರೆ? ಒಳಗೆ ಯಾರ್ನೋ ಇಟ್ಕೊಂಡಿರ್ತಾರೆ, ಅದಕ್ಕೆ.”

ಲುವಾನರು ಅವಳನ್ನು ಗದರಿಸಿ ಕಳಿಸಿದರು. ಕಳಿಸಿದ್ದು ಎಂಟಮ್ಮನನ್ನು ಮಾತ್ರ. ಅವಳ ಮಾತು ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂತಿತು. ಸಂದರ್ಶನಕ್ಕೆ ಹನ್ನೊಂದು ದಿನ. ಗುಟ್ಟಾಗಿ ಮದುವೆಯಾಗಿದ್ದು, ಅದು ಆ ಕೋಣೆಯಲ್ಲಿ ಬಯಲಾದರೆ? ಮಗಳೊಬ್ಬಳದಕ್ಕೇ ಅಲ್ಲ, ಸುಳ್ಳು ಹೇಳಿದರೆಂದು ಮೂವರ ಫೈಲಿಗೂ ಕೆಂಪು ಮುದ್ರೆ. ಅನುಮತಿ ಬೇಕಾದರೆ ಅನುಮಾನ ಮೊದಲು ಮನೆಯಲ್ಲೇ ತೀರಬೇಕು.

ಮರುದಿನ ಅವರು ಥೋವಾಳ ಕೈಚೀಲ ಶೋಧಿಸಿದರು. ಅಳತೆಯ ಟೇಪು, ಸೀಮೆಸುಣ್ಣ, ಮೂರು ಬಣ್ಣದ ದಾರ. ಇಷ್ಟು ನಿರಪರಾಧಿ ಚೀಲ ಅವರು ಕಂಡಿರಲೇ ಇಲ್ಲ. ಅದೇ ಅವರನ್ನು ಹೆಚ್ಚು ಕಾಡಿತು. ಆಮೇಲೆ ಹೊಳೆಯಿತು: ಮಂಗಳವಾರ, ಶುಕ್ರವಾರ ಅವಳು ಮಧ್ಯಾಹ್ನದ ಊಟದ ಡಬ್ಬಿ ಒಯ್ಯುವುದಿಲ್ಲ. ಆ ಎರಡು ದಿನ ಬಾಯಿ ಎಲ್ಲಿ ಉಣ್ಣುತ್ತಿದೆ?

ಶುಕ್ರವಾರ ಲುವಾನರು ಸೈಕಲ್ಲಿನಲ್ಲಿ ಬೆನ್ನಟ್ಟಿದರು. ಬಾ ಚಿಯೂ ಮಾರ್ಕೆಟ್ಟಿನ ಪಕ್ಕದ ಬೀದಿಯಲ್ಲಿ ಅವಳು ಇಳಿದಳು. ಗಾಜಿನ ಪೆಟ್ಟಿಗೆಯ ತುಂಬ ಹಲ್ಲುಸೆಟ್ಟುಗಳು ಕಿಸಿಯುತ್ತಿದ್ದ ಪುಟ್ಟ ಅಂಗಡಿ. ಒಳಗೆ ನಲವತ್ತರ ಆಸುಪಾಸಿನ ಒಬ್ಬ, ಬೆರಳ ತುಂಬ ಮೇಣ. ಊರಿನ ಬೊಚ್ಚುಬಾಯಿಗಳಿಗೆ ಹಲ್ಲು ಕಟ್ಟಿಕೊಡುವವ. ಎದುರಿನ ಕಬ್ಬಿನ ಹಾಲಿನ ಗಾಡಿಯ ಹಿಂದೆ ಮರೆಯಾಗಿ, ಎರಡು ಲೋಟ ಕಬ್ಬಿನ ಹಾಲು ಮುಗಿಯುವವರೆಗೆ ಅವರು ನೋಡಿದರು. ಇಬ್ಬರೂ ಒಂದೇ ಡಬ್ಬಿಯಿಂದ ಉಣ್ಣುತ್ತಿದ್ದರು. ಅವನು ಬೇಯಿಸಿದ ಮೀನಿನ ತಲೆ ಬಿಡಿಸಿ, ಕೆನ್ನೆಯ ಹತ್ತಿರದ ಮೆತ್ತನೆಯ ತುಂಡನ್ನು ಊಟದ ಕಡ್ಡಿಗಳಲ್ಲಿ ಎತ್ತಿ ಥೋವಾಳ ಬಟ್ಟಲಿಗೆ ಹಾಕಿದ. ಅವಳು ಬೇಡವೆನ್ನಲಿಲ್ಲ, ನಾಚಲಿಲ್ಲ, ತಿಂದಳು. ರೂಢಿಯಾದವರ ಹಾಗೆ.

ಮನೆಗೆ ಬಂದು ಲುವಾನರು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತು ಎಲ್ಲ ಹೇಳಿದರು. ಸೆನ್ ಬೆಳ್ಳುಳ್ಳಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ಅವನ ಹೆಸರು ಕಿಯೆತ್” ಅಂದಳು.

“ನಿಂಗೆ ಗೊತ್ತಿತ್ತಾ?”

“ನಾಲ್ಕ್ ವರ್ಷದಿಂದ.”

“ನಂಗ್ಯಾಕೆ ಹೇಳ್ಲಿಲ್ಲ?”

“ನಿಮ್ಗೆ ಹೇಳೋದೂ ಒಂದೇ, ಫೈಲಿಗೆ ಬರ್ಯೋದೂ ಒಂದೇ.”

ಉಳಿದದ್ದನ್ನು ಅವಳು ಬೆಳ್ಳುಳ್ಳಿಯ ಸಿಪ್ಪೆಯ ಜೊತೆ ಒಂದೊಂದಾಗಿ ಬಿಡಿಸಿಟ್ಟಳು. ಕಿಯೆತ್ ಮೂರು ಸಲ ಮದುವೆಯ ಮಾತೆತ್ತಿದ್ದಾನೆ. ಮೂರು ಸಲವೂ ಥೋವಾ ಅವನಿಗೆ ಹೇಳಿದ್ದು ‘ಇನ್ನೂ ಇಲ್ಲ’ ಎಂದೇ. ಮದುವೆಯಾದರೆ ತಾನು ಕಾನೂನಿನ ಮಗುವಾಗಿ ಉಳಿಯುವುದಿಲ್ಲ. ತಾನು ಹೋಗದಿದ್ದರೆ ಅಮ್ಮ ಹೋಗುವುದಿಲ್ಲ. ಅಮ್ಮ ಹೋಗದಿದ್ದರೆ ಅಪ್ಪನ ಆರು ವರ್ಷ ನೀರಿಗೆ ಬಿದ್ದ ಹಾಗೆ. ವೀಳ್ಯ ಆಗಿಲ್ಲ, ಅಡಿಕೆ ಆಗಿಲ್ಲ, ಒಂದು ಫೋಟೋ ಕೂಡ ಇಲ್ಲ.

ಲುವಾನರು ನಂಬಲಿಲ್ಲ. ಹೆಂಡತಿ ಹೇಳಿದ್ದನ್ನು ಸಾಕ್ಷ್ಯವಾಗಿ ಒಪ್ಪುವ ಪದ್ಧತಿ ತಪಾಸಣೆಯಲ್ಲಿರಲಿಲ್ಲ. ಆದರೆ ಅವತ್ತು ಸಂಜೆ ಊಟಕ್ಕೆ ಕೂತಾಗ ಮಣ್ಣಿನ ಮಡಕೆಯಲ್ಲಿ ಮೀನಿತ್ತು. ಅವರ ಕಡ್ಡಿಗಳು ತಾವಾಗಿ ತಲೆಯ ಕಡೆ ಹೋದವು, ಕೆನ್ನೆ ಬಿಡಿಸಿದವು, ಅವರದೇ ಬಾಯಿಗೆ ಬಂದವು. ಅರ್ಧ ಅಗಿದ ಮೇಲೆ ದವಡೆ ನಿಂತಿತು. ಮೂವತ್ತೈದು ವರ್ಷದ ಸಂಸಾರ. ಸೆನ್‌ಳ ಬಟ್ಟಲಿಗೆ ಆ ತುಂಡು ಕೊನೆಯ ಸಲ ಹೋದದ್ದು ಯಾವಾಗ? ಮದುವೆಗೆ ಮುಂಚೆ. ಲುವಾನರು ಅಗಿಯುತ್ತ ತೀರ್ಪು ಕೊಟ್ಟುಕೊಂಡರು. ಕೆನ್ನೆ ಕೊಡುವವನು ಗಂಡನಲ್ಲ.

ಸಂದರ್ಶನದ ಕೋಣೆಯಲ್ಲಿ ಎ.ಸಿ. ಎಷ್ಟು ತಣ್ಣಗಿತ್ತೆಂದರೆ ಸೆನ್ ಸೆರಗಿಲ್ಲದ ಉಡುಪಿನಲ್ಲಿ ಸೆರಗು ಹುಡುಕುತ್ತಿದ್ದಳು. ಮೇಜಿನಾಚೆ ಕೆಂಪು ಕಿವಿಯ ಅಧಿಕಾರಿ. ಅವನ ಪಕ್ಕ ದುಭಾಷಿ ಲಿಯೂ, ಕನ್ನಡಕದ ಹಿಂದೆ ಊರ ಹೆಂಗಸಿನ ಕಣ್ಣು. ಪುಸ್ತಕದ ವಿಷಯ ಈ ಸಲ ಎರಡೇ ನಿಮಿಷದಲ್ಲಿ ಮುಗಿಯಿತು. ಆಮೇಲೆ ಅವನು ಇಂಗ್ಲಿಷಿನಲ್ಲಿ ಏನೋ ಕೇಳಿದ. ಲಿಯೂ ಅದನ್ನು ಅಲ್ಲಿಯ ಜನ ಕೇಳುವ ರೀತಿಯಲ್ಲೇ ಕೇಳಿದಳು: “ಗಂಡ ಇದಾನೇನಮ್ಮ, ಇನ್ನೂ ಇಲ್ವಾ?”

“ಇಲ್ಲ.”

ಲಿಯೂಳ ಪೆನ್ನು ನಿಂತಿತು. ಕಣ್ಣು ಒಂದು ಕ್ಷಣ ಥೋವಾಳ ಮುಖದ ಮೇಲೆ ಎಂಟಮ್ಮನಂತೆ ಕೂತೆದ್ದಿತು. ಅವಳು ಉತ್ತರವನ್ನು ನೆಟ್ಟಗೇ ಅನುವಾದಿಸಿದಳು, ಆದರೆ ಕೆಂಪು ಕಿವಿಯವನು ಮಾತಿಗಿಂತ ಪೆನ್ನನ್ನು ಗಮನಿಸಿದ್ದ. ಇಬ್ಬರೂ ತಗ್ಗಿದ ದನಿಯಲ್ಲಿ ಗುಸುಗುಟ್ಟಿದರು. ಯಾಕೆ ನಿಲ್ಲಿಸಿದೆ ಎಂದು ಅವನು ಕೇಳಿರಬೇಕು. ನಮ್ಮಲ್ಲಿ ಯಾರೂ ಹಾಗೆ ಹೇಳುವುದಿಲ್ಲ ಎಂದು ಅವಳು ಹೇಳಿರಬೇಕು. ಲುವಾನರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಆದರೆ ಗುಸುಗುಸು ಯಾವ ಭಾಷೆಯಲ್ಲಿದ್ದರೂ ಅರ್ಥವಾಗುತ್ತಿತ್ತು.

ತಾಯಿ-ಮಗಳಿಬ್ಬರನ್ನೂ ಹೊರಗೆ ಕಳಿಸಿದರು. ಅದೇ ಪ್ರಶ್ನೆ ಈಗ ಅಪ್ಪನಿಗೆ: ಮಗಳಿಗೆ ಗಂಡ ಇದ್ದಾನೋ, ಇನ್ನೂ ಇಲ್ಲವೋ?

ಮೂರು ವಾರ ಮಗಳಿಗೆ ಉರು ಹೊಡೆಸಿದ ಲುವಾನರು ತಮಗೆ ತಾವು ಹೊಡೆಸಿಕೊಂಡಿರಲಿಲ್ಲ. ಹುಟ್ಟಿದಾಗಿನಿಂದ ಬಾಯಲ್ಲಿದ್ದದ್ದೇ ಬಂತು. “ಇನ್ನೂ ಇಲ್ಲ ಸ್ವಾಮಿ.”

ಅಂದ ಮೇಲೆ ಕೇಳಿಸಿತು, ತಾವು ಏನಂದೆವು ಎಂದು. ಮಗಳದು ಒಂದು, ಅಪ್ಪನದು ಇನ್ನೊಂದು. ಎರಡು ಜೀವನಚರಿತ್ರೆ, ಒಂದು ಪದ ವ್ಯತ್ಯಾಸ. ಅಧಿಕಾರಿ ಎರಡನ್ನೂ ಅಕ್ಕಪಕ್ಕ ಬರೆದು, ನಡುವೆ ಒಂದು ಗೆರೆ ಎಳೆದ. ಆ ಗೆರೆಯನ್ನು ಲುವಾನರು ಆರು ವರ್ಷ ನೋಡಿದ್ದರು.

ತಾಯಿ-ಮಗಳಿಬ್ಬರನ್ನೂ ಮತ್ತೆ ಒಳಗೆ ಕರೆದರು. ಲಿಯೂ ಈ ಸಲ ಮೆಲ್ಲಗೆ ಕೇಳಿದಳು. “ಯಾರಾದ್ರೂ ಇದಾರಾ? ಮದುವೆ ಅಂತ ಅಲ್ಲ. ಯಾರಾದ್ರೂ?”

ಥೋವಾ ನೆಲ ನೋಡಿದಳು. ದಾತ್ ಮೇಷ್ಟ್ರ ಪಾಠದಲ್ಲಿ ಈ ಪ್ರಶ್ನೆಗೆ ಡಬ್ಬಿ ಇರಲಿಲ್ಲ. ಸುಮ್ಮನಿದ್ದಷ್ಟೂ ಕೆಂಪು ಕಿವಿ ಇನ್ನಷ್ಟು ಕೆಂಪಾಗುತ್ತಿತ್ತು, ಅವನ ಕೈ ಮುದ್ರೆಗಳಿದ್ದ ಪೆಟ್ಟಿಗೆಯ ಕಡೆ ಸರಿಯುತ್ತಿತ್ತು.

“ಒಬ್ಬ ಇದಾನೆ” ಅಂದರು ಲುವಾನರು. “ಕಟ್ಟು ಹಲ್ಲು ಮಾಡ್ತಾನೆ. ಗಂಡ ಅಲ್ಲ.”

ಥೋವಾ ತಲೆಯೆತ್ತಿ ಅಪ್ಪನನ್ನು ನೋಡಿದಳು. ಗಂಡನಲ್ಲವೆಂದು ನಿಮಗೆ ಹೇಗೆ ಗೊತ್ತು ಎಂದು ಅಧಿಕಾರಿ ಕೇಳಿಸಿದ.

“ನಾನು ನೋಡ್ದೆ. ಮೀನಿನ ಕೆನ್ನೆ ಬಿಡಿಸಿ ಇವಳ ಬಟ್ಟಲಿಗೆ ಹಾಕ್ದ. ಗಂಡ ಆಗಿದ್ರೆ ತಾನೇ ತಿಂದಿರೋನು. ನಾನು ಮೂವತ್ತೈದು ವರ್ಷದಿಂದ ತಿಂತಿದೀನಿ, ಬೇಕಾದ್ರೆ ಇವಳನ್ನ ಕೇಳಿ.”

“ತಿಂತಾರೆ” ಅಂದಳು ಸೆನ್. ಆ ಕೋಣೆಯಲ್ಲಿ ಅವಳು ಆಡಿದ ಒಂದೇ ಮಾತು.

ಲಿಯೂ ಅನುವಾದಿಸಲು ಬಾಯಿ ತೆರೆದಳು, ಮುಚ್ಚಿದಳು, ಕನ್ನಡಕ ತೆಗೆದು ಒರೆಸಿದಳು. ಅವಳ ಭುಜ ಅಲುಗುತ್ತಿತ್ತು. ಆಮೇಲೆ ಸಾಕಷ್ಟು ಹೊತ್ತು ಕೈಸನ್ನೆ ಮಾಡಿ ವಿವರಿಸಿದಳು. ಮಧ್ಯೆ ತನ್ನ ಕೆನ್ನೆಯನ್ನೂ ಮುಟ್ಟಿ ತೋರಿಸಿದಳು. ಅಧಿಕಾರಿ ಅವಳನ್ನು ನಂಬಬೇಕೋ ಬೇಡವೋ ಎಂಬಂತೆ ನೋಡಿದ. ಕೊನೆಗೆ ಥೋವಾಳ ಕಡೆ ತಿರುಗಿ, ನಿಜವೇನು ಎಂದು ಕೇಳಿಸಿದ.

ಥೋವಾ ದಾತ್ ಮೇಷ್ಟ್ರನ್ನು ಬಿಟ್ಟು ತನ್ನ ಬಾಯಲ್ಲೇ ಮಾತಾಡಿದಳು. “ನಾಲ್ಕ್ ವರ್ಷದಿಂದ ಅವರಿಗೆ ‘ಇನ್ನೂ ಇಲ್ಲ, ಇನ್ನೂ ಇಲ್ಲ’ ಅಂತಾನೇ ಹೇಳ್ಕೊಂಡ್ ಬಂದಿದೀನಿ. ಈ ಫೈಲಿಗೋಸ್ಕರ. ಇಲ್ಲಿಗೆ ಬಂದು ‘ಇಲ್ಲ’ ಅಂದಿದ್ದು ಕಲಿಸಿದ್ದು. ಅದು ಸುಳ್ಳಲ್ಲ. ನಿಜಾನೂ ಅಲ್ಲ.”

ಅಧಿಕಾರಿ ಬಹಳ ಹೊತ್ತು ಬರೆದ. ನಡುವಿನ ಗೆರೆಯನ್ನು ಅಳಿಸಲಿಲ್ಲ. ಅದರ ಕೆಳಗೆ ಇನ್ನೆರಡು ಸಾಲು ಸೇರಿಸಿದ. ಮದುವೆಯಾಗಿಲ್ಲ ಎಂಬ ಕಾಲಂನಲ್ಲಿ ಗುರುತು ಹಾಕಿ ಮುದ್ರೆ ಒತ್ತಿದ. ಒತ್ತಿದ ಮೇಲೂ ಅವನ ಸಂಶಯ ಪೂರ್ತಿ ಹೋಗಲಿಲ್ಲವೆಂಬುದಕ್ಕೆ ಒಂದು ಎಚ್ಚರಿಕೆ ಬಂತು: ಆ ನೆಲದ ಮೇಲೆ ಕಾಲಿಡುವವರೆಗೆ ಇವಳು ಹೀಗೇ ಇರಬೇಕು. ನಡುವೆ ಮದುವೆಯಾದರೆ ಈ ಮುದ್ರೆ ಬರೀ ಮಸಿ. ಹೊರಡಲು ಏಳೆಂಟು ತಿಂಗಳು ಹಿಡಿದೀತು.

ಹೊರಗೆ ಬಿಸಿಲು. ಸೆನ್ ಕಾಗದವನ್ನು ಎದೆಗೊತ್ತಿಕೊಂಡು ಮರದ ನೆರಳಿಗೆ ಹೋದಳು. ಥೋವಾ ಸೈಕಲ್ಲಿನ ಬೀಗ ತೆಗೆಯುತ್ತ, ಅಪ್ಪನ ಮುಖ ನೋಡದೆ ಕೇಳಿದಳು.

“ಎಲ್ಲಿ ನಿಂತಿದ್ರಿ?”

“ಕಬ್ಬಿನ ಹಾಲಿನ ಗಾಡಿ ಹಿಂದೆ.”

“ಎಷ್ಟೊತ್ತು?”

“ಎರಡು ಲೋಟ.”

ಥೋವಾ ತಲೆಯಾಡಿಸಿದಳು. ಕ್ಷಮಿಸಿದಳೋ ಬರೆದಿಟ್ಟುಕೊಂಡಳೋ ಲುವಾನರಿಗೆ ತಿಳಿಯಲಿಲ್ಲ. ಅವಳು ಮಾರ್ಕೆಟ್ಟಿನ ಕಡೆ ಸೈಕಲ್ ತುಳಿದಳು. ಅವರು ಹಿಂದೆ ಹೋಗಲಿಲ್ಲ. ಹೋಗಲಿಲ್ಲ ಎಂಬುದನ್ನು ನೋಡಿಕೊಳ್ಳಲು ಸೆನ್ ಅವರ ತೋಳು ಹಿಡಿದಿದ್ದಳು.

ಮುಂದಿನ ಮಂಗಳವಾರ ಥೋವಾಳ ಮೂಲಕ ಕರೆ ಬಂತು. ಅಮೆರಿಕದಲ್ಲಿ ಹಲ್ಲಿನ ವೈದ್ಯ ಬಲು ದುಬಾರಿಯಂತೆ, ಅಪ್ಪನ ದವಡೆಯಲ್ಲಿ ಮೂರು ಜಾಗ ಖಾಲಿಯಿದೆಯಂತೆ, ಹೊರಡುವ ಮೊದಲು ಕಟ್ಟಿಸಿಕೊಳ್ಳಲಿ ಎಂದು ಕಿಯೆತ್ ಹೇಳಿದ್ದಾನಂತೆ. ತಮ್ಮ ದವಡೆಯ ಖಾಲಿ ಜಾಗ ಅವನಿಗೆ ಹೇಗೆ ಗೊತ್ತಾಯಿತು ಎಂದು ಲುವಾನರು ದಾರಿಯುದ್ದಕ್ಕೂ ಯೋಚಿಸಿದರು. ಈ ಮನೆಯಲ್ಲಿ ಕಣ್ಣಿಟ್ಟಿದ್ದವರು ತಾವೊಬ್ಬರೇ ಅಲ್ಲ.

ಕಿಯೆತ್ ಅವರನ್ನು ಬಾಗಿದ ಕುರ್ಚಿಯಲ್ಲಿ ಕೂರಿಸಿದ. “ಬಾಯಿ ತೆಗೀರಿ ದೊಡ್ಡಪ್ಪ” ಅಂದ. ಮಾವ ಎನ್ನಲಿಲ್ಲ, ಅದನ್ನು ಲುವಾನರು ಸಾಕ್ಷ್ಯದ ಪಟ್ಟಿಗೆ ಸೇರಿಸಿಕೊಂಡರು. ಹಲ್ಲಿನ ಅಚ್ಚು ತೆಗೆಯುವ ಪುಟ್ಟ ತಟ್ಟೆಯ ತುಂಬ ಗುಲಾಬಿ ಬಣ್ಣದ ಮೇಣ ಮೆತ್ತಿ ಅವನು ಅದನ್ನು ಅವರ ದವಡೆಗೆ ಒತ್ತಿದ, ಹೆಬ್ಬೆರಳಲ್ಲಿ ಹಿಡಿದುಕೊಂಡ. ಗಟ್ಟಿಯಾಗುವವರೆಗೆ ನಾಲಿಗೆ ಅಲುಗಿಸಬಾರದು ಅಂದ. ಆಮೇಲೆ, ಅಷ್ಟು ಹೊತ್ತು ಕಾದವನ ಹಾಗೆ, ಕೇಳತೊಡಗಿದ.

ಅಲ್ಲಿ ಇಳಿದ ಮೇಲೆ ಥೋವಾ ತನ್ನನ್ನು ಕರೆಸಿಕೊಳ್ಳಬಹುದಂತೆ, ನಿಜವೇ? ಅದಕ್ಕೂ ಸಂದರ್ಶನ ಉಂಟೇ? ಅಲ್ಲಿಯ ಗಂಡಸರು ಹಲ್ಲು ಪೂರ್ತಿ ಇರುವವರಂತೆ, ಬೆಳ್ಳಗೆ, ಸಾಲಾಗಿ. ನಾಲ್ಕು ವರ್ಷ ಕಾಯಿಸಿದವಳು ಇನ್ನೆಷ್ಟು ವರ್ಷ ಕಾಯಿಸಿಯಾಳು? ದನಿಯಲ್ಲಿ ಸಿಟ್ಟಿರಲಿಲ್ಲ. ಲುವಾನರಿಗೆ ಚೆನ್ನಾಗಿ ಪರಿಚಯವಿದ್ದ ಸಂಶಯವಿತ್ತು.

“ನಿಜ ಹೇಳಿ ದೊಡ್ಡಪ್ಪ. ಅವಳು ಬರೀತಾಳಾ?”

ಬಾಯಿ ತುಂಬ ಮೇಣ. ಹೌದೆನ್ನಲು ತಲೆಯಾಡಿಸುವಂತಿಲ್ಲ, ಗಲ್ಲ ಅವನ ಹಿಡಿತದಲ್ಲಿತ್ತು. ಊರಿನ ಕಾಗದಗಳನ್ನೆಲ್ಲ ಓದಿದ ಮನುಷ್ಯ ಇನ್ನೂ ಬರೆಯದ ಕಾಗದವೊಂದಕ್ಕೆ ಜಾಮೀನು ನಿಲ್ಲಬೇಕಿತ್ತು. ಅವರು ಕೈಯೆತ್ತಿ ಎರಡು ಬೆರಳು ತೋರಿಸಿದರು. ಅವಳು ಕರೆಸಿಕೊಳ್ಳಲು ಹಿಡಿಯುವ ವರ್ಷ ಎಂದು ಅರ್ಥ. ಯೋಚಿಸಿ ಮೂರು ಮಾಡಿದರು. ಕೆಂಪು ಕಿವಿಯವನು ನೆನಪಾಗಿ ನಾಲ್ಕನೆಯದೂ ಮೆಲ್ಲಗೆ ಎದ್ದಿತು.

ಕಿಯೆತ್ ಬಿಡುವಾಗಿದ್ದ ಕೈಯಿಂದ ಆ ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಮುಷ್ಟಿಯನ್ನು ಅವರ ಮಡಿಲಲ್ಲಿಟ್ಟ.

“ಅಲುಗಾಡ್ಬೇಡಿ” ಅಂದ. “ಅಚ್ಚು ಕೆಡತ್ತೆ.”